ನೀಲಿ ಸೂಜಿ

ಇಪ್ಪತ್ತು ಜನರ ರಕ್ತ ತೆಗೆಯಬೇಕು. ಯಾರಿಗೂ ಎರಡನೆಯ ಸಲ ಚುಚ್ಚಬಾರದು, ಒಂದು ಟ್ಯೂಬಿನ ಮೇಲೂ ಹೆಸರು ತಪ್ಪಬಾರದು, ಬಳಸಿದ ಸೂಜಿ ಕೈಯಿಂದ ನೇರವಾಗಿ ಸೂಜಿಗಳ ಬಿಳಿ ಡಬ್ಬಕ್ಕೆ ಬೀಳಬೇಕು. ಇಷ್ಟನ್ನು ಮಾಡಿ ತೋರಿಸಿದರೆ ತರಬೇತಿ ಕೊಟ್ಟ ಮೇಡಂ ಪರೀಕ್ಷೆಯ ಹಾಳೆಯ ಕೆಳಗೆ ಸಹಿ ಹಾಕುತ್ತಾರೆ, ಸೋಮವಾರದಿಂದ ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕಾಯಂ ಕೆಲಸ. ತಪ್ಪಿದರೆ ಮೂರು ತಿಂಗಳ ತರಬೇತಿ ನೀರಿನಲ್ಲಿ ಹೋಮ ಮಾಡಿದ ಹಾಗೆ.

ನನಗೆ ನಲವತ್ತೊಂದು ವರ್ಷ. ಹದಿನೆಂಟು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ರೆಡಿಮೇಡ್ ಬಟ್ಟೆ ಬಂದು ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು. ಕೊನೆಕೊನೆಗೆ ಬರುತ್ತಿದ್ದವರೆಲ್ಲ ಜಿಪ್ ಬದಲಾಯಿಸಿಕೊಡಿ, ಪ್ಯಾಂಟಿನ ಕಾಲು ಮಡಚಿಕೊಡಿ ಎನ್ನುವವರೇ. ಒಂದು ದಿನ ಹಳೆಯ ಗಿರಾಕಿಯೊಬ್ಬಳು ಹೊಸ ಅಂಗಿ ಹಾಕಿಕೊಂಡು ಬಂದು, "ಅಕ್ಕಾ, ಇದು ಮಾಲ್‌ನಲ್ಲಿ ತಗೊಂಡಿದ್ದು, ನೀವು ಹೊಲಿಯೋದಕ್ಕಿಂತ ಚೆನ್ನಾಗಿ ಕೂತಿದೆ ಅಲ್ವಾ?" ಎಂದಳು. ಅವತ್ತೇ ಶಟರ್ ಎಳೆದೆ ಎಂದರೆ ಸುಳ್ಳಾಗುತ್ತದೆ. ಇನ್ನೂ ಎಂಟು ತಿಂಗಳು ಗೊಣಗಿಕೊಂಡೇ ಹೊಲಿದೆ. ಆದರೆ ಆ ಮಾತು ಮಾತ್ರ ಹೊಟ್ಟೆಯಲ್ಲಿ ಹಾಗೇ ಕೂತಿತ್ತು.

ಆಸ್ಪತ್ರೆಯ ತರಬೇತಿಗೆ ಸೇರುತ್ತೇನೆ ಎಂದಾಗ ಅತ್ತೆ ನಕ್ಕರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ನಾನೇನು ಮರವಾ ಅತ್ತೆ?"

"ಮರವಾದ್ರೂ ಸುಮ್ನಿರುತ್ತೆ. ನೀನು ಎದುರು ಮಾತಾಡ್ತೀಯ."

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿದೆ. ಆದರೆ ಎರಡು ಮಕ್ಕಳನ್ನು ಸೊಂಟಕ್ಕೆ ಕಟ್ಟಿಕೊಂಡು ಇಪ್ಪತ್ತರ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ರಕ್ತನಾಳದ ಚಿತ್ರ ಬರೆಯುವವಳಿಗೆ ಕೋಪ ಬಾರದೆ ಇನ್ನೇನು ಬರುತ್ತದೆ? ದೊಡ್ಡವನು ಎರಡನೆಯ ಕ್ಲಾಸು. ಚಿಕ್ಕವಳಿಗೆ ಮೂರೂವರೆ, ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತೇವೆ. ಬೆಳಗಿನ ಹೊತ್ತು ಮಕ್ಕಳನ್ನು ನೋಡಿಕೊಳ್ಳಲೆಂದು ನಮ್ಮವರು ಕಾರ್ಖಾನೆಯಲ್ಲಿ ಕಾಯಂ ಮಧ್ಯಾಹ್ನದ ಪಾಳಿ ಕೇಳಿ ಪಡೆದಿದ್ದರು. ಅವರ ಕಣ್ಣುಗಳು ಗುಳಿ ಬಿದ್ದಿದ್ದವು. "ಮೂರು ತಿಂಗಳು ಅಂದ್ರೆ ಮೂರೇ ತಿಂಗಳು. ಅದರ ಮೇಲೆ ನನ್ನ ಕೈಲಾಗಲ್ಲ ಕಣೇ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಜಗಳವಾಡಿಕೊಂಡು ಹೇಳಿದ್ದರೆ ನಾನೂ ಜಗಳವಾಡುತ್ತಿದ್ದೆ. ಸುಸ್ತಾಗಿ ಹೇಳಿದರು, ಹೂಂ ಎಂದೆ.

ಪರೀಕ್ಷೆಯ ದಿನವೇ ಅತ್ತೆ ತಮ್ಮ ಮಗಳ ಮನೆಗೆ ಹೋಗಬೇಕಾಯಿತು. ಹಾಗಾಗಿ ನಮ್ಮವರು ಹನ್ನೆರಡೂವರೆಗೆ ಗುಬ್ಬಿಯನ್ನು ಆಸ್ಪತ್ರೆಯ ಗೇಟಿನ ಹತ್ತಿರ ನನ್ನ ಕೈಗೊಪ್ಪಿಸಿ, ಅಲ್ಲಿಂದಲೇ ಪಾಳಿಗೆ ಹೋಗುವುದೆಂದು ಮಾತಾಯಿತು.

ಲ್ಯಾಬಿನ ಮೇಡಂಗೆ ಇನ್ನೂ ಮೂವತ್ತು ತುಂಬಿಲ್ಲ. ನನ್ನ ಕೊನೆಯ ತಂಗಿಗಿಂತ ಚಿಕ್ಕವರು. ಹೊಗಳುವುದೆಂದರೆ ಅವರಿಗೆ ಆಗದು. "ನಿಮ್ಮ ಕೈ ಚೆನ್ನಾಗಿದೆ, ಅವಸರ ಜಾಸ್ತಿ" ಎಂದು ಒಂದು ಸಲ ಹೇಳಿದ್ದರು, ಅದನ್ನೇ ನಾನು ಮನೆಯಲ್ಲಿ ಅರ್ಧ ಮಾತ್ರ ಹೇಳಿದ್ದೆ. ಪರೀಕ್ಷೆಯ ದಿನ ನನ್ನ ಬೆನ್ನ ಹಿಂದೆ ಹಾಳೆ ಹಿಡಿದು ನಿಂತರು. ಚರ್ಮದ ಕೆಳಗೆ ರಕ್ತನಾಳ ಹುಡುಕುವುದು ನನಗೆ ಕಷ್ಟವಲ್ಲ. ಲೈನಿಂಗ್ ಬಟ್ಟೆಯ ಕೆಳಗೆ ಹೊಲಿಗೆ ಎಲ್ಲಿ ಓಡಿದೆ ಎಂದು ಬೆರಳಲ್ಲೇ ತಿಳಿದುಕೊಂಡವಳು ನಾನು. ಹತ್ತು ಜನ ಆದರು, ಹದಿನೈದು ಆದರು. ಎಲ್ಲರಿಗೂ ಹಸಿರು ತಲೆಯ ಸೂಜಿ, ಒಂದೇ ಸಲಕ್ಕೆ ರಕ್ತ.

ಹದಿನೇಳನೆಯವರು ಒಬ್ಬ ಅಜ್ಜ. ಈರುಳ್ಳಿ ಸಿಪ್ಪೆಯಷ್ಟೂ ದಪ್ಪವಿಲ್ಲದ ಚರ್ಮ, ಮುಟ್ಟಿದರೆ ಜಾರಿಕೊಳ್ಳುವ ನಾಳ.

"ಎಲ್ಲರೂ ಮೂರು ನಾಲ್ಕು ಸಲ ಚುಚ್ತಾರಮ್ಮ. ನಿನ್ನ ಲೆಕ್ಕ ಎಷ್ಟು?" ಎಂದರು.

"ಒಂದೇ ಅಜ್ಜ. ಇರುವೆ ಕಚ್ಚಿದ ಹಾಗೆ."

"ನೋಡೋಣ, ನೋಡೋಣ. ಇರುವೆಗಳನ್ನೂ ನೋಡಿದೀನಿ."

ಸಣ್ಣ ನಾಳಕ್ಕೆಂದು ಇಟ್ಟಿದ್ದ ನೀಲಿ ತಲೆಯ ತೆಳು ಸೂಜಿ ತೆಗೆದುಕೊಂಡೆ. ಒಂದೇ ಸಲಕ್ಕೆ ರಕ್ತ ಬಂತು. ಅಜ್ಜ ಹುಬ್ಬೇರಿಸಿದರು. ಇನ್ನು ಸಿರಿಂಜಿನಿಂದ ಸೂಜಿ ಬಿಚ್ಚಿ ಡಬ್ಬಕ್ಕೆ ಹಾಕಿ, ರಕ್ತವನ್ನು ಟ್ಯೂಬಿನ ಗೋಡೆಯ ಮೇಲೆ ಮೆಲ್ಲಗೆ ಇಳಿಸಬೇಕು. ಸೂಜಿ ಬಿಚ್ಚಿದೆ. ಅಷ್ಟರಲ್ಲಿ ಟ್ಯೂಬು ಸ್ಟ್ಯಾಂಡಿನಿಂದ ಉರುಳಿ ಮೇಜಿನ ಅಂಚಿಗೆ ಹೋಯಿತು. ಬಾಚಿ ಹಿಡಿದೆ. ಮೇಡಂ ಆಗ ಬಾಗಿಲಲ್ಲಿ ನಿಂತಿದ್ದ ಯಾರಿಗೋ ಉತ್ತರ ಕೊಡುತ್ತಿದ್ದರು.

ಹೊಲಿಗೆಯವರು ಸೂಜಿಯನ್ನು ಮೇಜಿನ ಮೇಲಿಡುವುದಿಲ್ಲ. ಇಟ್ಟರೆ ಬಟ್ಟೆಯೊಳಗೆ ಸೇರಿಕೊಂಡು ಗಿರಾಕಿಯ ಮೈಗೆ ಚುಚ್ಚುತ್ತದೆ. ಅದಕ್ಕೇ ಕೈಗೆ ಬೇರೆ ಕೆಲಸ ಬಿದ್ದ ತಕ್ಷಣ ಸೂಜಿಯನ್ನು ಎಡಗಡೆ ಎದೆಯ ಮೇಲಿನ ಬಟ್ಟೆಗೆ ಸಿಕ್ಕಿಸಿಕೊಳ್ಳುತ್ತೇವೆ. ಅದು ನಮ್ಮ ಎಚ್ಚರಿಕೆ. ಹದಿನೆಂಟು ವರ್ಷ ದಿನಕ್ಕೆ ನೂರು ಸಲ ಮಾಡಿದ್ದನ್ನು ನನ್ನ ಕೈ ಅವತ್ತು ನೂರಾ ಒಂದನೆಯ ಸಲ ಮಾಡಿತು. ನನಗೆ ತಿಳಿಯಲೇ ಇಲ್ಲ. ಸೂಜಿ ನನ್ನ ಬಿಳಿ ಕೋಟಿನ ಜೇಬಿನ ಪೆನ್ನಿನ ಪಕ್ಕ ನಿಂತುಬಿಟ್ಟಿತು, ನಾನು ಹದಿನೆಂಟನೆಯವರನ್ನು ಕರೆದೆ.

ಹನ್ನೆರಡು ಇಪ್ಪತ್ತಕ್ಕೆ ಇಪ್ಪತ್ತೂ ಮುಗಿಯಿತು. ಮೇಡಂ ಹಾಳೆಯನ್ನು ಮೇಲಿನಿಂದ ಕೆಳಗೆ ಎರಡು ಸಲ ನೋಡಿ ಸಹಿ ಹಾಕಿದರು. "ಸೋಮವಾರ ಎಂಟು ಗಂಟೆಗೆ ಬನ್ನಿ. ಲೇಟಾಗಬೇಡಿ."

ಅಯ್ಯೋ, ಆಗ ನನಗಾದ ಸಂತೋಷ! ಕೋಟು ಬಿಚ್ಚಿಟ್ಟೇ ಲ್ಯಾಬಿನಿಂದ ಹೊರಗೆ ಹೋಗಬೇಕೆಂಬ ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಲಿಲ್ಲ. ನಮ್ಮವರು ಒಂದು ಸಲವಾದರೂ ನನ್ನನ್ನು ಬಿಳಿ ಕೋಟಿನಲ್ಲಿ ನೋಡಲಿ ಎಂದು ಆಸೆ. ಮೆಟ್ಟಿಲನ್ನು ಎರಡೆರಡಾಗಿ ಇಳಿದು ಗೇಟಿಗೆ ಓಡಿದೆ. ಗುಬ್ಬಿ ಅಪ್ಪನ ಕೈ ಕೊಸರಿಕೊಂಡು ಬಂದು ಹಾರಿದಳು. ಎತ್ತಿಕೊಂಡು ಗಟ್ಟಿಯಾಗಿ ಅಪ್ಪಿಕೊಂಡೆ.

"ಅಮ್ಮಾ, ಚುಚ್ತು."

"ಗುಂಡಿ ಇರ್ಬೇಕು ಬಂಗಾರ" ಎಂದು ಅವಳನ್ನು ಮತ್ತೂ ಒತ್ತಿಕೊಂಡು, ನಮ್ಮವರ ಮುಂದೆ ಹಾಳೆ ಹಿಡಿದೆ. "ನೋಡ್ರೀ, ಸಹಿ!"

ಅವರು ಹಾಳೆ ನೋಡಲಿಲ್ಲ. "ಅದೇನೇ ನಿನ್ನ ಎದೆ ಮೇಲೆ? ನೀಲಿದು?"

ತಲೆ ಬಗ್ಗಿಸಿ ನೋಡಿದೆ. ಅಜ್ಜನಿಗೆ ಚುಚ್ಚಿದ ಸೂಜಿ. ಗುಬ್ಬಿಯನ್ನು ಕೆಳಗಿಳಿಸಿದೆನೋ ಎತ್ತಿ ಹಾಕಿದೆನೋ ತಿಳಿಯದು. ಅವಳ ಎಡಗೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಇತ್ತು.

"ಏನಾಯ್ತು? ಮುಖ ಯಾಕೆ ಹೀಗಾಯ್ತು?" ಎಂದರು ನಮ್ಮವರು. ಹೇಳಿದೆ. ಬಳಸಿದ ಸೂಜಿ, ಇನ್ನೊಬ್ಬರ ರಕ್ತ, ಎಚ್‌ಐವಿ, ಕಾಮಾಲೆ, ಏನೇನು ಅಂಟಬಹುದು, ಎಲ್ಲ ಒಂದೇ ಉಸಿರಿಗೆ. ಅವರು ಬಗ್ಗಿ ಮಗಳ ಗಲ್ಲ ಹಿಡಿದು ನೋಡಿದರು.

"ಸೊಳ್ಳೆ ಕಚ್ಚಿದ್ದು ಇದು. ನಿನ್ನೆನೇ ಇತ್ತು."

"ನಿನ್ನೆ ಇತ್ತಾ? ನನ್ನಾಣೆ ಮಾಡಿ ಹೇಳಿ."

"ಇತ್ತು ಅನ್ಸುತ್ತೆ."

"ಅನ್ಸುತ್ತೆ ಅಂದ್ರೇನ್ರೀ? ಇತ್ತೋ ಇಲ್ವೋ?"

"ಕೂಗಾಡ್ಬೇಡ. ಸಹಿ ಆಗಿದೆ, ಯಾರೂ ನೋಡಿಲ್ಲ. ಸೂಜಿ ಒಯ್ದು ಆ ಡಬ್ಬಕ್ಕೆ ಹಾಕಿ ಬಾ. ಸೋಮವಾರದಿಂದ ನೀನು ಇಲ್ಲೇ ಇರ್ತೀಯಲ್ಲ, ಆಗ ಮೆಲ್ಲಗೆ ಮಗೂಗೆ ಪರೀಕ್ಷೆ ಮಾಡಿಸಿದ್ರಾಯ್ತು. ಈಗ ಹೋಗಿ ಬಾಯಿಬಿಟ್ರೆ ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ."

ಸುಳ್ಳೇಕೆ ಹೇಳಲಿ, ನಾನೂ ಯೋಚಿಸಿದೆ. ಗೇಟಿನ ಕಂಬಕ್ಕೆ ಒರಗಿ, ಮಗಳ ಕೆನ್ನೆ ನೋಡುತ್ತಾ, ಸೊಳ್ಳೆಯೇ ಇರಬಹುದು, ಇವಳಿಗೆ ಯಾವಾಗಲೂ ಸೊಳ್ಳೆ ಕಚ್ಚುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆತ್ತವಳು ಯೋಚಿಸುವ ಮಾತೇ ಅದು? ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹೀಗೆ ಚುಚ್ಚಿದರೆ ಕೂಡಲೇ ಹೇಳಬೇಕು, ಔಷಧಿ ಬೇಕಾದರೆ ಕೆಲವೇ ಗಂಟೆಯೊಳಗೆ ಶುರುವಾಗಬೇಕು, ತಡವಾದರೆ ಕೊಟ್ಟೂ ಫಲವಿಲ್ಲ ಎಂದು ತರಬೇತಿಯ ಮೊದಲ ವಾರವೇ ಕಲಿಸಿದ್ದರು. ಸೋಮವಾರದವರೆಗೆ ಕಾಯುವ ವಿಷಯ ಅದಲ್ಲ. "ನಡೀರಿ ಒಳಗೆ" ಎಂದೆ. ಅವರು ಅಡ್ಡ ನಿಂತರು. "ನಡೀರಿ ಅಂದ್ನಲ್ಲ!" ಎಂದು ನಾನು ಕಿರುಚಿದ್ದಕ್ಕೆ ಕಾವಲುಗಾರ ತಿರುಗಿ ನೋಡಿದ, ಅವರು ಗುಬ್ಬಿಯನ್ನು ಎತ್ತಿಕೊಂಡು ಒಳಗೆ ನಡೆದರು.

ಕೋಟನ್ನು ಮೆಲ್ಲಗೆ ಬಿಚ್ಚಿ ಸೂಜಿ ಮೇಲೆ ಕಾಣುವಂತೆ ಮೈಯಿಂದ ದೂರ ಹಿಡಿದುಕೊಂಡೆ. ಮೊದಲು ನಲ್ಲಿಯ ಕೆಳಗೆ ನಮ್ಮವರು ಗುಬ್ಬಿಯ ಕೆನ್ನೆಯನ್ನು ಸೋಪು ಹಾಕಿ ತೊಳೆದರು. ನೀರು ತಣ್ಣಗಿದೆ ಎಂದು ಅವಳು ರಚ್ಚೆ ಹಿಡಿದಳು. ಮೇಡಂ ಊಟದ ಡಬ್ಬಿ ತೆರೆದು ಕೂತಿದ್ದರು. ಕೋಟನ್ನು ತೋರಿಸಿ ಹೇಳಿದೆ. ಅವರು ಚಮಚ ಕೆಳಗಿಟ್ಟರು.

"ಯಾರಿಗೆ ಬಳಸಿದ್ದು ಗೊತ್ತಾ?"

"ಗೊತ್ತು. ಇವತ್ತು ನೀಲಿ ಬಳಸಿದ್ದು ಒಂದೇ. ಹದಿನೇಳನೆಯವರು, ಆ ಅಜ್ಜ."

ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆ. ಅವರು ಬೈಯಲಿಲ್ಲ. ಎದ್ದು ಇಕ್ಕಳದಿಂದ ಸೂಜಿ ಕಿತ್ತು ಡಬ್ಬಕ್ಕೆ ಹಾಕಿ, ಫೋನ್ ಮಾಡಿ ಡಾಕ್ಟರನ್ನು ಕರೆದರು. ಅಜ್ಜ ಒಪ್ಪಿದರೆ ಬೆಳಗಿನ ರಕ್ತದಲ್ಲೇ ಪರೀಕ್ಷೆ ಮಾಡಬಹುದು, ಅರ್ಧ ಗಂಟೆ ಸಾಕು, ಮಗುವಿನ ರಕ್ತವನ್ನೂ ತೆಗೆದಿಡಬೇಕು ಎಂದರು ಡಾಕ್ಟರು. ಅಜ್ಜ ಔಷಧಿಯ ಸಾಲಿನಲ್ಲಿ ಇನ್ನೂ ನಿಂತಿದ್ದರು, ಸದ್ಯ. ನಾನೇ ಹೋಗಿ ಕೈ ಮುಗಿದೆ.

"ಎಂಬತ್ತು ವರ್ಷದವನ ರಕ್ತದಲ್ಲಿ ಸಕ್ಕರೆ ಬಿಟ್ಟು ಇನ್ನೇನಿರುತ್ತಮ್ಮ?" ಎಂದು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಎಲ್ಲಿ ಸಹಿ ಹಾಕ್ಬೇಕು, ಕೊಡು."

ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂತೆ. ಬೆಳಗ್ಗೆಯಿಂದ ನಾನು ನಿಂತಿದ್ದ ಜಾಗದಲ್ಲಿ ಮೇಡಂ ನಿಂತರು. "ಏನಿಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ ಅಷ್ಟೇ." ಇಪ್ಪತ್ತು ಜನರಿಗೆ ನಾನು ಹೇಳಿದ ಸುಳ್ಳು ಎಂಥದ್ದೆಂದು ಆಗ ತಿಳಿಯಿತು.

"ಅಮ್ಮಾ, ಬೇಡ ಅನ್ನು! ಬೇಡ ಅನ್ನಮ್ಮಾ!"

ನಾನು ಬೇಡ ಅನ್ನಲಿಲ್ಲ. ಅವಳ ಎರಡು ಕಾಲನ್ನು ನನ್ನ ಕಾಲುಗಳ ನಡುವೆ ಸಿಕ್ಕಿಸಿ, ಕೈಯನ್ನು ಅಲುಗದಂತೆ ಹಿಡಿದೆ. ಅವಳು ತಿರುಗಿ ನನ್ನ ಮುಖವನ್ನೇ ನೋಡುತ್ತಾ ಅತ್ತಳು.

ಆ ಅರ್ಧ ಗಂಟೆ ಲ್ಯಾಬಿನ ಹೊರಗೆ ನಿಂತು ಕಾದೆವು. ನಮ್ಮವರು ಕಾರ್ಖಾನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದರು. ಗುಬ್ಬಿ ಅವರ ಹೆಗಲ ಮೇಲೆ ಬಿಕ್ಕುತ್ತಿದ್ದಳು, ನನ್ನ ಕಡೆ ಬರಲಿಲ್ಲ. ನಾನು ಲ್ಯಾಬಿನ ಮುಚ್ಚಿದ ಬಾಗಿಲನ್ನು ನೋಡುತ್ತಾ ನನ್ನ ಬಲಗೈಯನ್ನು ಎಡಗೈಯಲ್ಲಿ ಹಿಸುಕುತ್ತಿದ್ದೆ. ಕತ್ತರಿಸಿ ಬಿಸಾಡಬೇಕು ಎನ್ನುವಷ್ಟು ಸಿಟ್ಟು ಆ ಕೈಯ ಮೇಲೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ನಾನೇ ಕಷ್ಟಪಟ್ಟು ಕಲಿತದ್ದು.

ಬಾಗಿಲು ತೆರೆಯಿತು. ಮೇಡಂ ರೋಗಕ್ಕೊಂದರಂತೆ ಮೂರು ಪರೀಕ್ಷೆಯ ಪಟ್ಟಿಗಳನ್ನು ನಮ್ಮ ಮುಂದೆ ಹಿಡಿದರು. ಮೂರರಲ್ಲೂ ಒಂದೊಂದೇ ಗೆರೆ. "ಏನೂ ಇಲ್ಲ. ಅಜ್ಜನ ರಕ್ತ ಚೆನ್ನಾಗಿದೆ. ಆರು ವಾರಕ್ಕೆ ಮಗೂಗೆ ಇನ್ನೊಂದು ಸಲ ನೋಡೋಣ, ಹೆದರ್ಬೇಡಿ."

ಮೂರೂ ಪಟ್ಟಿಗಳನ್ನು ಒಂದೊಂದಾಗಿ ಇನ್ನೊಂದು ಸಲ ನೋಡಿದೆ. ಸ್ವಲ್ಪ ಹೊತ್ತಿಗೆ ಮೇಡಂ ಕೈ ಚಾಚಿದರು. "ಹಾಳೆ ಕೊಡಿ."

ಕೊಟ್ಟೆ. ತಮ್ಮ ಸಹಿಯ ಮೇಲೆ ಅಡ್ಡ ಗೆರೆ ಎಳೆದರು. ಕೋಪ ನನ್ನ ಮೂಗಿನ ತುದಿಗೆ ಬಂತು. "ನಾನೇ ಬಂದು ಹೇಳಿದ್ದಕ್ಕೆ ಈ ಶಿಕ್ಷೆನಾ ಮೇಡಂ? ಸುಮ್ನಿದ್ದಿದ್ರೆ ಸೋಮವಾರ ಇಲ್ಲಿರ್ತಿದ್ದೆ."

"ಇರ್ತಿದ್ರಿ. ಇನ್ನೊಂದು ಸಲ ಹೀಗಾದಾಗ ಬೇರೆಯವರ ಮಗು ಇರ್ತಿತ್ತು." ಪೆನ್ನಿಗೆ ಮುಚ್ಚಳ ಹಾಕಿದರು. "ಮುಂದಿನ ತರಬೇತಿ ಇಪ್ಪತ್ತನೇ ತಾರೀಕು ಶುರು. ಮೊದಲನೇ ದಿನದಿಂದ ಬನ್ನಿ. ನೀವೇ ಬಂದು ಹೇಳಿದ್ದಕ್ಕೇ ಸೇರಿಸ್ಕೊಳ್ತಿದೀನಿ. ಬೇರೆಯವರಿಂದ ಗೊತ್ತಾಗಿದ್ರೆ ಇದೂ ಇಲ್ಲ."

ಇನ್ನೂ ಮೂರು ತಿಂಗಳು. ನಾನು ನಮ್ಮವರ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಮೇಡಂ ಒಳಗೆ ಹೋದ ಮೇಲೆ ಅವರೇ ಮೆಲ್ಲಗೆ ಹೇಳಿದರು.

"ಆ ಚುಕ್ಕೆ ನಿನ್ನೆ ಇರ್ಲಿಲ್ಲ."

"ಏನಂದ್ರಿ?"

"ನಿನ್ನೆನೂ ಇರ್ಲಿಲ್ಲ, ಇವತ್ತು ಬೆಳಗ್ಗೆನೂ ಇರ್ಲಿಲ್ಲ. ಮುಖ ತೊಳೆಸಿದ್ದು ನಾನೇ ಅಲ್ವಾ? ಗೊತ್ತಿದ್ದೇ ಸುಳ್ಳು ಹೇಳ್ದೆ." ಹೆಗಲ ಮೇಲಿದ್ದ ಗುಬ್ಬಿಯ ಬೆನ್ನು ತಟ್ಟಿದರು. "ಸಾಕಾಗಿತ್ತು ಕಣೇ. ಮುಗೀಲಿ ಅನ್ಸಿತ್ತು. ನೀನು ಸೇರ್ಕೋ. ಮೂರು ತಿಂಗಳಲ್ವಾ, ಹೇಗೋ ಆಗುತ್ತೆ."

ಬೈಯಲು ಬಾಯಿ ತೆರೆದೆ. ಗೇಟಿನ ಕಂಬಕ್ಕೆ ಒರಗಿ ನಾನು ಏನು ಯೋಚಿಸಿದ್ದೆನೆಂದು ನೆನಪಾಗಿ ಬಾಯಿ ಮುಚ್ಚಿದೆ. ಅವರು ಗುಬ್ಬಿಯನ್ನು ನೆಲಕ್ಕಿಳಿಸಿ, ಅವಳ ತಲೆ ಸವರಿ, ಪಾಳಿಗೆ ಹೊರಟರು.

ನಾನು ಮೊಣಕಾಲೂರಿ ಎರಡೂ ಕೈ ಚಾಚಿದೆ. ಎಂದಿನಂತೆ ಹಾರಿ ಬರುತ್ತಾಳೆ ಎಂದುಕೊಂಡಿದ್ದೆ. ಗುಬ್ಬಿ ಬರಲಿಲ್ಲ. ಒಂದು ಮಾರು ದೂರದಲ್ಲೇ ನಿಂತು, ಹತ್ತಿ ಅಂಟಿಸಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಎದೆಯನ್ನೇ ನೋಡಿದಳು. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದು, ಅಂಗೈಯಿಂದ ನನ್ನ ಅಂಗಿಯ ಎಡಗಡೆ ಮೆಲ್ಲಗೆ ತಡವಿದಳು, ಬಲಗಡೆ ತಡವಿದಳು, ಕಾಲರ್ ಎತ್ತಿ ಅದರ ಕೆಳಗೂ ನೋಡಿದಳು.

"ಸೂಜಿ ಇಲ್ಲ ಅಲ್ವಾ?"

"ಇಲ್ಲ ಬಂಗಾರ. ಇಲ್ಲ."

ಅವಳು ಮತ್ತೆ ಮೊದಲಿನಿಂದ ತಡವಲು ಶುರು ಮಾಡಿದಳು. ಅವಳಿಗೆ ಸಾಕೆನಿಸುವವರೆಗೆ ನಾನು ಕೈ ಚಾಚಿಕೊಂಡೇ ಕೂತಿದ್ದೆ.