ಮನೆಗೊಂದು ಕೊರಡು

ಹೆಗಲ ಮೇಲಿನ ಕೊರಡನ್ನು ನಿರಂಜನ್ ಕೆಳಗಿಳಿಸುವ ಮೊದಲೇ ಅಭಿಲಾಷ್ ಅವನ ಕೆನ್ನೆಗೆ ಬಿಗಿದ. ಕೊರಡು ಜಾರಿ ನಿರಂಜನನ ಪಾದದ ಮೇಲೆಯೇ ಬಿತ್ತು. ಅವನು ಬಗ್ಗಿ ಅದನ್ನು ಮತ್ತೆ ಎತ್ತಿಕೊಳ್ಳಲು ನೋಡಿದ. ಎರಡನೆಯ ಏಟು ಕಿವಿಯ ಮೇಲೆ ಬಿತ್ತು.

"ಯಾರು ಕರ್ದದ್ದು ನಿನ್ನ? ನಮ್ಮಜ್ಜನ ಚಿತೆಗೆ ಸಾಹೇಬನ ಬೂಟು ನೆಕ್ಕಿದವರ ಸೌದೆ ಬೇಡ. ತಕ್ಕೊಂಡು ಹೋಗು" ಎಂದ ಅಭಿಲಾಷ್.

ಅಂಗಳದಲ್ಲಿ ತಂದೆಯ ತಲೆದೆಸೆಗೆ ಕುಳಿತಿದ್ದ ಯಮುನ ಇದನ್ನೆಲ್ಲ ನೋಡಿದಳು. ಚಿತೆ ಒಟ್ಟುತ್ತಿದ್ದದ್ದು ಅಂಗಳದ ಕೆಳಗೇ, ಗದ್ದೆಯ ಬದಿಯಲ್ಲಿ. ಅಭಿಲಾಷ್ ಅವಳ ಒಬ್ಬನೇ ಮಗ. ನಿರಂಜನ್ ಹೊಳೆಯಾಚೆಯವನು. ಅವನ ಮನೆಯವರು ಈಚೆಗೆ, ಇವರ ಮನೆಯವರು ಆಚೆಗೆ ಕಾಲಿಡದೆ ಎಂಬತ್ತು ವರ್ಷವಾಗಿತ್ತು.

ಸಂಪಾಜೆಯ ಮೇಲಿನ ಆ ಊರಿನಲ್ಲಿ ಒಂದು ಪದ್ಧತಿ. ಸಾವಾದ ಮನೆಗೆ ಪ್ರತಿ ಮನೆಯಿಂದ ಒಂದು ಕೊರಡು ಸೌದೆ ಬರಬೇಕು. ಬೇಲಿ ಜಗಳವಿರಲಿ, ಕೋರ್ಟಿನಲ್ಲಿ ಕೇಸಿರಲಿ, ಕೊರಡು ಹೊತ್ತು ತರಲೇಬೇಕು. ಸೌದೆ ಕೊಡದ ಮನೆಯೂ, ಸೌದೆ ಸಿಗದ ಮನೆಯೂ ಊರಿಗೆ ಸೇರಿದ್ದಲ್ಲ ಎಂದೇ ಲೆಕ್ಕ.

ಸತ್ತವನು ಚೆನ್ನಯ್ಯ, ತೊಂಬತ್ತೆಂಟರ ಮುದುಕ, ಸ್ವಾತಂತ್ರ್ಯ ಹೋರಾಟಗಾರ. ಆಗಸ್ಟ್ ಹದಿನೈದಕ್ಕೆ ಊರಿಗೆ ಅವನ ನೆನಪಾಗುತ್ತಿತ್ತು, ಹದಿನಾರಕ್ಕೆ ಮರೆತುಹೋಗುತ್ತಿತ್ತು. ಇವತ್ತು ಮಾತ್ರ ಎಲ್ಲರಿಗೂ ಬೇಕಾಗಿದ್ದ. ಸ್ವಾತಂತ್ರ್ಯೋತ್ಸವ ಸಮಿತಿಯ ಅಧ್ಯಕ್ಷರು ತಾವೇ ಬಾವುಟ ತಂದು ಹೆಣಕ್ಕೆ ಹೊದಿಸಿ, ನೆರಿಗೆ ಸರಿಮಾಡಿ, ಫೋಟೋ ತೆಗೆಸಿಕೊಂಡಿದ್ದರು.

"ಗಲಾಟೆ ಬೇಡ ಮಾರಾಯ್ರೆ. ಪೊಲೀಸ್ರು ಮಡಿಕೇರಿ ಬಿಟ್ಟಾಯ್ತು. ಸರ್ಕಾರಿ ಗೌರವ ಉಂಟು" ಎಂದು ಅವರು ಅಂಗಳದಿಂದಲೇ ಕೂಗಿದರು.

ಯಮುನ ಎದ್ದಳು. ಸುಡುವ ಜಾಗಕ್ಕೆ ಹೆಂಗಸರು ಇಳಿಯುವ ವಾಡಿಕೆ ಇರಲಿಲ್ಲ. ಆದರೆ ಮಗನ ಸಿಟ್ಟು ಅವಳಿಗೆ ಗೊತ್ತಿತ್ತು. ಹಿಂದೊಮ್ಮೆ ಸೌತೆ ಬಳ್ಳಿ ಮೇಯ್ದ ಹಸುವಿನ ಕಾಲು ಮುರಿದ ಸಿಟ್ಟು ಅದು. ಅವಳು ಗದ್ದೆಯ ಬದಿಗೆ ಇಳಿದಳು.

*

ಕ್ವಿಟ್ ಇಂಡಿಯಾದ ಕೂಗು ಘಾಟಿ ಹತ್ತಿ ಬಂದ ವರ್ಷ ಚೆನ್ನಯ್ಯ ಮೀಸೆ ಚಿಗುರುತ್ತಿದ್ದ ಹುಡುಗ. ಗುಡ್ಡದ ಮೇಲೆ ಬಿಳಿ ಸಾಹೇಬನ ಎಸ್ಟೇಟು, ಅಲ್ಲಿ ಏಲಕ್ಕಿ ಕೊಯ್ಲು. ಚೆನ್ನಯ್ಯನ ಅಣ್ಣ ಬೆಳ್ಯಪ್ಪ ಊರಿಗೆ ಸುಲಭದ ಪಾಠ ಹೇಳಿಕೊಟ್ಟ: ಕೆಲಸಕ್ಕೆ ಹೋಗಬೇಡಿ, ಎಸ್ಟೇಟಿನ ದಾರಿಯಲ್ಲಿ ಕುಳಿತುಕೊಳ್ಳಿ, ಹೊಡೆದರೆ ತಿರುಗಿ ಹೊಡೆಯಬೇಡಿ. ಊರಿಗೆ ಊರೇ ಕುಳಿತಿತು. ಏಲಕ್ಕಿ ಗಿಡದ ಬುಡದಲ್ಲೇ ಕೊಳೆಯಿತು. ಸಾಹೇಬ ಕುದುರೆಯ ಮೇಲೆ ಬಂದು, ಇಂಗ್ಲಿಷಿನಲ್ಲಿ ಎರಡು ಮಾತು ಉಗುಳಿ ಹೋದ. ಹೊಡೆಯುವ ಕೆಲಸ ಮೇಸ್ತ್ರಿ ಪೂವಪ್ಪನದಾಯಿತು.

ಪೂವಪ್ಪ ಎಲ್ಲಿಂದಲೋ ಬಂದವನಲ್ಲ. ಹೊಳೆಯಾಚೆಯವನು, ಬೆಳ್ಯಪ್ಪನ ಜೊತೆ ಮೀನು ಹಿಡಿದು ಬೆಳೆದವನು.

"ಏಳು ಮಾರಾಯ. ನಿನ್ನ ದಮ್ಮಯ್ಯ, ನನ್ನ ಕೈಲಿ ಹೊಡೆಸ್ಬೇಡ" ಎಂದು ಅವನು ಮೊದಲು ಬೇಡಿಕೊಂಡನಂತೆ. ಬೆಳ್ಯಪ್ಪ ನಕ್ಕ. ಸಾಹೇಬನ ಬೈಗುಳ ನುಂಗಿದವನಿಗೆ ಗೆಳೆಯನ ನಗು ನುಂಗಲಾಗಲಿಲ್ಲ. ಬೆತ್ತ ಬೆನ್ನಿಗೆ ಬಿತ್ತು, ಕುತ್ತಿಗೆಗೆ ಬಿತ್ತು, ಆಮೇಲೆ ಅದರ ಕಬ್ಬಿಣದ ಹಿಡಿ ತಲೆಗೇ ಬಿತ್ತು. ಬೆಳ್ಯಪ್ಪ ಕುಳಿತಲ್ಲೇ ವಾಲಿಕೊಂಡ, ಮತ್ತೆ ಏಳಲಿಲ್ಲ. ಕಿವಿಯಿಂದ ರಕ್ತ ಇಳಿದು ಕೆಸರಿಗೆ ಸೇರಿತು.

ಅಲ್ಲಿಗೆ ಕುಳಿತುಕೊಳ್ಳುವ ಪಾಠ ಮುಗಿಯಿತು. ಘಾಟಿಯ ಟೆಲಿಗ್ರಾಫ್ ತಂತಿ ಕಡಿದರು. ಏಲಕ್ಕಿ ಒಣಗಿಸುವ ಮನೆಗೆ ಬೆಂಕಿ ಇಟ್ಟರು. ಬಂಗಲೆಯ ಕಡೆಗೆ ಮಾತ್ರ ಯಾರೂ ಹೋಗಲಿಲ್ಲ, ಅಲ್ಲಿ ಕೋವಿಗಳಿದ್ದವು. ಪೂವಪ್ಪನ ಹತ್ತಿರ ಇದ್ದದ್ದು ಪತ್ರೊಡೆಗೆಂದು ಹೊಳೆಬದಿಯಲ್ಲಿ ಕೊಯ್ಯುತ್ತಿದ್ದ ಕೆಸುವಿನೆಲೆ. ಬೆಳಗಿನ ಹೊತ್ತು ನಾಲ್ವರು ಅವನನ್ನು ಹಿಡಿದುಕೊಂಡರು, ಚೆನ್ನಯ್ಯ ಕತ್ತಿ ಬೀಸಿದ. ಮೊದಲ ಏಟು ಭುಜದ ಮೂಳೆಗೆ ಸಿಕ್ಕಿಕೊಂಡಿತು. ಎದೆಗೆ ಕಾಲು ಕೊಟ್ಟು ಕೀಳಬೇಕಾಯಿತು.

"ಚೆನ್ನಾ, ತಂಗಮ್ಮ ಬಸುರಿ" ಎಂದ ಪೂವಪ್ಪ.

ಚೆನ್ನಯ್ಯ ಮತ್ತೆ ಬೀಸಿದ. ಹಿಡಿದುಕೊಂಡಿದ್ದವರೇ ಹೆದರಿ ಬಿಟ್ಟು ಓಡಿದ ಮೇಲೂ ಬೀಸುತ್ತಲೇ ಇದ್ದ.

ಅಸಹಕಾರ ಎಂಬ ಮಾತನ್ನು ಊರು ಆಗಷ್ಟೇ ಕಲಿತಿತ್ತು. ಸಾಹೇಬನ ಮೇಲೆ ನಡೆಯದ್ದನ್ನು ಹೆಣದ ಮೇಲೆ ನಡೆಸಿತು. ಪೂವಪ್ಪನಿಗೆ ಯಾವ ಮನೆಯಿಂದಲೂ ಕೊರಡು ಹೋಗಲಿಲ್ಲ. ಬಸುರಿ ತಂಗಮ್ಮ ಮನೆಯ ಬಾಗಿಲು ಕಿತ್ತಳು, ಕೊಟ್ಟಿಗೆಯ ಅಡ್ಡತೊಲೆ ಕಿತ್ತಳು, ಅಷ್ಟರಲ್ಲೇ ಗಂಡನನ್ನು ಸುಟ್ಟಳು. ಅದು ಸಾಲಲಿಲ್ಲ. ಅರೆಬೆಂದ ಹೆಣಕ್ಕೆ ಬಂದ ನಾಯಿಗಳನ್ನು ಅವಳು ಕಲ್ಲು ಹೊಡೆದು ಓಡಿಸುವುದನ್ನು ಊರು ಈಚೆ ದಡದಲ್ಲಿ ನಿಂತು ನೋಡಿತು.

ಚೆನ್ನಯ್ಯ ಜೈಲಿಗೆ ಹೋದದ್ದು ತಂತಿ ಕಡಿದದ್ದಕ್ಕೆ. ಕೊಲೆಗೆ ಸಾಕ್ಷಿ ಹೇಳಲು ಯಾರೂ ಬರಲಿಲ್ಲ.

ಯಮುನಳಿಗೆ ಇದನ್ನು ಯಾರೂ ಗುಟ್ಟಾಗಿ ಹೇಳಲಿಲ್ಲ. ಅವಳು ಚಿಕ್ಕವಳಿದ್ದಾಗ ತಂಗಮ್ಮ ಆಚೆ ದಡದಲ್ಲಿ ನಿಂತು, "ಚೆನ್ನಯ್ಯಾ, ನನ್ನ ಗಂಡನ್ನ ತಿಂದದ್ದು ಅರಗಿತಾ?" ಎಂದು ಕೂಗುತ್ತಿದ್ದಳು. ಅಮ್ಮ ಬಾಗಿಲು ಮುಚ್ಚಲು ಹೋದರೆ ಅಪ್ಪ, "ಮುಚ್ಚಬೇಡ, ಕೇಳ್ಲಿ" ಎನ್ನುತ್ತ ಜಗಲಿಯಲ್ಲೇ ಕುಳಿತಿರುತ್ತಿದ್ದ. ತಂಗಮ್ಮ ಸತ್ತ ಮೇಲೆ ಕೂಗು ನಿಂತಿತು, ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಅಪ್ಪನನ್ನು ಹೊಗಳುವ ಭಾಷಣವಷ್ಟೇ ಉಳಿಯಿತು. ಅಭಿಲಾಷ್ ಆ ಭಾಷಣ ಕೇಳಿ ಕುಣಿಯುತ್ತ ಮನೆಗೆ ಬಂದಾಗ ಯಮುನಳಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಮಗನ ಹೆಮ್ಮೆಯಲ್ಲಿ ಅವಳಿಗೂ ಪಾಲು ಬೇಕಿತ್ತು.

*

"ಎಂತಕ್ಕೆ ಬಂದೆ ನಿರಂಜನ?" ಯಮುನ ಕೇಳಿದಳು. ಜೀವಮಾನದಲ್ಲಿ ಅವಳು ಅವನೊಂದಿಗೆ ಆಡಿದ ಮೊದಲ ಮಾತು ಅದು.

"ಮನೆಗೊಂದು ಕೊರಡು ಅಲ್ವಾ ಅಕ್ಕ. ನಮ್ಮದೂ ಮನೆಯೇ."

"ಇಡಲಿ ಬಿಡು ಅಭಿ."

"ನೀನು ಮೇಲೆ ಹೋಗಮ್ಮ. ಅಜ್ಜನನ್ನು ಹಿಡಿದುಕೊಟ್ಟವರ ವಂಶ ಇದು."

"ಹಿಡಿದುಕೊಟ್ಟದ್ದಲ್ಲ. ನಮ್ಮಜ್ಜ ಹೊಡೆದದ್ದು ಹೌದು, ನಾನು ಇಲ್ಲ ಅನ್ನುದಿಲ್ಲ" ಎಂದ ನಿರಂಜನ್. ತುಟಿಯ ರಕ್ತ ಒರೆಸಿಕೊಂಡ. "ಆದ್ರೆ ಅವರನ್ನು ಕಡಿದದ್ದು ಯಾರು ಅಂತ ನಿಮ್ಮ ಭಾಷಣದಲ್ಲಿ ಯಾಕೆ ಬರುದಿಲ್ಲ? ಆ ಬಾವುಟದ ಅಡಿಯಲ್ಲಿ ಮಲಗಿದವರನ್ನು ಕೇಳಿ."

ಮಾತು ಮುಗಿಯುವ ಮೊದಲೇ ಚಿತೆ ಒಟ್ಟುತ್ತಿದ್ದ ಹುಡುಗರು ಅವನ ಮೇಲೆ ಬಿದ್ದರು. ಒಬ್ಬ ಹೊಟ್ಟೆಗೆ ಒದ್ದ. ಒಬ್ಬ ಮುಖಕ್ಕೆ ಗುದ್ದಿದ ಹೊಡೆತಕ್ಕೆ ಕಣ್ಣು ಮುಚ್ಚಿಹೋಯಿತು. ನಾಲ್ವರು ಅವನ ತೋಳು ಹಿಡಿದು ನಿಲ್ಲಿಸಿದರು. ಅಭಿಲಾಷ್ ಬಿದ್ದಿದ್ದ ಕೊರಡನ್ನೇ ಎತ್ತಿಕೊಂಡು ಬೀಸಿದ. ಭುಜದ ಮೂಳೆ ಮುರಿದ ಸದ್ದು ಅಂಗಳದವರೆಗೂ ಕೇಳಿಸಿತು. ಅವನು ಕೊರಡನ್ನು ಮತ್ತೆ ಎತ್ತಿದ, ಈ ಸಲ ತಲೆಯ ನೇರಕ್ಕೆ.

ತಾನು ಕಂಡಿರದ ಹೊಳೆಬದಿಯ ಆ ಬೆಳಗು ಯಮುನಳ ಕಣ್ಣೆದುರಿಗೆ ಬಂದಿತ್ತು. ನುಗ್ಗಿ ಹೋಗಿ ನಿರಂಜನನ ಮುಂದೆ ನಿಂತಳು.

"ಹೊಡಿ. ನಿನ್ನಜ್ಜನೂ ಹೀಗೇ ಹೊಡ್ದದ್ದು. ನಾಲ್ಕು ಜನ ಹಿಡ್ಕೊಂಡಿದ್ರು, ಅಪ್ಪ ಕಡಿದ್ರು. ಸಾಹೇಬನನ್ನಲ್ಲ. ಇವನಜ್ಜನನ್ನು, ಈ ಹೊಳೆಬದಿಯಲ್ಲಿ. ಆಮೇಲೆ ಆ ಹೆಣಕ್ಕೆ ನಾವು ಯಾರೂ ಒಂದು ಕಡ್ಡಿ ಕೊಡ್ಲಿಲ್ಲ."

"ಸುಳ್ಳು."

"ಅಪ್ಪನ ಹೆಣ ಅಂಗಳದಲ್ಲಿ ಇಟ್ಕೊಂಡು ಸುಳ್ಳು ಹೇಳ್ಲಾ ನಾನು?"

ಕೊರಡು ಅಭಿಲಾಷನ ಕೈಯಿಂದ ಜಾರಿತು. ತೋಳು ಹಿಡಿದಿದ್ದವರು ಬಿಟ್ಟರು. ನಿರಂಜನ್ ಮಂಡಿಯೂರಿ ಕುಸಿದ.

ಅಧ್ಯಕ್ಷರು ಇಳಿದು ಬಂದರು. "ಅದು ಯುದ್ಧ ಯಮುನಕ್ಕ. ಯುದ್ಧದಲ್ಲಿ ಇಂಥದ್ದೆಲ್ಲ ಇರ್ತದೆ. ಇವತ್ತು ಬಾಯಿ ಬಿಡ್ಬಾರ್ದಿತ್ತು ನೀವು."

"ಯುದ್ಧದಲ್ಲಿ ಎದುರಿನವನ ಹೆಣಕ್ಕೂ ಮಣ್ಣು ಸಿಗ್ತದೆ" ಎಂದಳು ಅವಳು.

ಅಧ್ಯಕ್ಷರು ಹಿಂತಿರುಗಿ ಹೋಗಿ ಬಾವುಟ ತೆಗೆದು ಮಡಚಿದರು. ಇಂಥ ಕಡೆ ಗೌರವ ಮಾಡಿಸಿದರೆ ನಾಳೆ ಪೇಪರಿನವರಿಗೆ ತಾವು ಉತ್ತರ ಹೇಳಬೇಕು ಎಂದು ಗೊಣಗಿ, ಪೊಲೀಸರಿಗೆ ಫೋನು ಮಾಡುತ್ತ ಜೀಪು ಹತ್ತಿದರು. ಸತ್ತ ತಂದೆಯ ಮಾನ ತೆಗೆದವಳ ಅಂಗಳದಲ್ಲಿ ನಿಲ್ಲಬಾರದು ಎಂದು ಹಿರಿಯರು ಹೊರಟರು, ಹುಡುಗರು ಹಿರಿಯರ ಹಿಂದೆ ಹೊರಟರು. ಯಾರೂ ಯಮುನಳ ಮುಖ ನೋಡಲಿಲ್ಲ. ಅವಳಿಗೆ ಅಳು ಬಂತು, ನಿಂತಲ್ಲೇ ಅತ್ತಳು. ಅವಳ ಅಪ್ಪ ಅವಳಿಗೆ ಅಪ್ಪನೇ ಆಗಿದ್ದ.

ಚಟ್ಟ ಎತ್ತಲು ಜನವಿರಲಿಲ್ಲ. ಮುಂದೆ ಅಭಿಲಾಷ್ ಹೆಗಲು ಕೊಟ್ಟ. ಹಿಂದೆ ಒಂದು ಕಡೆ ಯಮುನ ಹೆಗಲು ಕೊಟ್ಟಳು, ಇನ್ನೊಂದು ಕಡೆ ನಿರಂಜನ್ ಮುರಿಯದ ಭುಜ ಕೊಟ್ಟ.

"ನೀನು ಆಸ್ಪತ್ರೆಗೆ ಹೋಗ್ಬೇಕು" ಎಂದ ಅಭಿಲಾಷ್, ಅವನ ಕಡೆ ನೋಡಲಾಗದೆ.

"ಹೋಗುವ. ಮೊದ್ಲು ಇದು ಆಗ್ಲಿ."

ಅಭಿಲಾಷ್ ಕೊಳ್ಳಿ ಇಟ್ಟ. ಸೌದೆ ಬೇಗ ಹತ್ತಿಕೊಂಡಿತು. ಬೆಂಕಿಯ ಝಳಕ್ಕೆ ನರ ಸೆಳೆದು ಚೆನ್ನಯ್ಯನ ಬಲಗೈ ಕೊರಡುಗಳ ನಡುವಿನಿಂದ ಹೊರಗೆ ಚಾಚಿಕೊಂಡಿತು. ಅಭಿಲಾಷ್ ಮುಖ ತಿರುಗಿಸಿ ಹಿಂದಕ್ಕೆ ಸರಿದ. ನಿರಂಜನ್ ಒಂದು ಹಸಿ ಬಿದಿರ ಗಳು ಎತ್ತಿಕೊಂಡ. ಊದಿದ ಕಣ್ಣನ್ನು ಹೊಗೆಯಿಂದ ತಪ್ಪಿಸುತ್ತ ಆ ಕೈಯನ್ನು ಮೆಲ್ಲಗೆ ಒಳಕ್ಕೆ ತಳ್ಳಿದ. ಅದು ಮತ್ತೆ ಹೊರಬಂತು. ಅವನು ಮತ್ತೆ ತಳ್ಳಿ, ಅದು ಬೇಯುವವರೆಗೂ ಅಲ್ಲೇ ಒತ್ತಿ ಹಿಡಿದು ನಿಂತ.