ಒಂದು ಹೊದಿನಾ

ನಮ್ಮ ಕಾರ್ಖಾನೆಯ ಯಜಮಾನ ಓಪನಾಸ್ ಹಾರ್ಮಾಶ್ ದೊಡ್ಡ ದೇಶಭಕ್ತ. ಆದರೆ ಗುಂಡಿ ಹಾಕಿಕೊಂಡ ದೇಶಭಕ್ತ. ಒಳಗೆ ಉಕ್ರೇನಿನ ಕಸೂತಿ ಅಂಗಿ, ಮೇಲೊಂದು ಪಟ್ಟಣದ ಕೋಟು. ಬೀದಿಯ ತುದಿಯಲ್ಲಿ ಪೊಲೀಸಿನವನ ಟೋಪಿ ಕಂಡರೆ ಸಾಕು, ಅವನ ಕೈ ತಾನಾಗಿ ಕತ್ತಿನ ಗುಂಡಿಗೆ ಹೋಗುತ್ತಿತ್ತು.

“ಏನ್ ಯಜಮಾನ್ರೇ, ಉಕ್ರೇನ್‌ನ ಒಳಗಿಟ್ಟು ಬೀಗ ಹಾಕಿದ್ರಾ?” ಎಂದು ಕೇಳುತ್ತಿದ್ದೆ.

“ಮೆತ್ತಗೆ ಮಾತಾಡೇ ಹಾಪ್ಕಾ, ಮಾರಾಯ್ತಿ!” ಎನ್ನುತ್ತಿದ್ದ.

ಸುಲಾ ನದಿಯ ದಡದಲ್ಲಿ ಅವನದೊಂದು ಯೀಸ್ಟ್ ಕಾರ್ಖಾನೆ. ರೈ ಧಾನ್ಯ ಬೇಯಿಸಿ, ತೊಟ್ಟಿಯಲ್ಲಿ ಹುಳಿ ಬರಿಸಿ, ಮೇಲೆದ್ದ ನೊರೆಯನ್ನು ಬಳಿದು ತೊಳೆದು ಹಿಂಡಿದರೆ ಯೀಸ್ಟು. ತಳದಲ್ಲಿ ಉಳಿದಿದ್ದನ್ನು ಭಟ್ಟಿ ಇಳಿಸಿದರೆ ಸಾರಾಯಿ. ಹಿಂಡಿದ್ದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಕಾಗದ ಸುತ್ತುವುದು ನಮ್ಮ ಕೆಲಸ. ನಾವೆಂದರೆ ಹೆಂಗಸರು, ಹೆಚ್ಚಿನವರು ವಿಧವೆಯರು. ಅವರಿಗೆಲ್ಲ ನಾನೇ ಮೇಸ್ತ್ರಿ.

“ಈ ಸಾಮ್ರಾಜ್ಯದ ಹಿಟ್ಟಲ್ಲಿ ನಾವೇ ಯೀಸ್ಟು, ತಿಳೀತಾ?” ಎಂದು ಒಮ್ಮೆ ಅವನು ಭಾಷಣ ಬಿಗಿದ.

“ಯೀಸ್ಟಿಗೆ ಹಿಟ್ಟು ಯಾರದ್ದಾದ್ರೇನು ಯಜಮಾನ್ರೇ? ಜಾರ್ ದೊರೆ ರೊಟ್ಟೀನೂ ಚೆನ್ನಾಗೇ ಉಬ್ಬಿಸುತ್ತೆ” ಎಂದೆ. ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದ, ಪಾಪ.

ಗ್ರಹಚಾರ ಶುರುವಾಗಿದ್ದು ಈಸ್ಟರ್ ಹಬ್ಬಕ್ಕೆ. ನಮ್ಮ ಉಕ್ರೇನಿ ಮಾತಿನಲ್ಲಿ ಏನನ್ನೂ ಅಚ್ಚು ಹಾಕಿಸಬಾರದೆಂದು ದೊರೆಯ ಆಜ್ಞೆಯಿತ್ತಲ್ಲ, ಹಾಗಾಗಿ ಯೀಸ್ಟ್ ಬಳಸುವ ಕ್ರಮ ಸುತ್ತುವ ಕಾಗದದ ಮೇಲೆ ರಷ್ಯನ್ನಿನಲ್ಲೇ ಇರಬೇಕಿತ್ತು. ‘ಹಿಟ್ಟು ನಾದಿ ಚಾಸ್ ಹೊತ್ತು ಇಡಿ’ ಎಂದಿತ್ತು. ರಷ್ಯದವರ ಬಾಯಲ್ಲಿ ಚಾಸ್ ಎಂದರೆ ಒಂದು ಗಂಟೆ. ನಮ್ಮ ಬಾಯಲ್ಲಿ ಚಾಸ್ ಎಂದರೆ ಬರೀ ಕಾಲ. ಓದಲು ಬಂದವರು ಓದಿ ಹೇಳಿದರು, ಕೇಳಿದ ಹೆಂಗಸರು ಕಾಲ ಕೂಡಿ ಬರಲಿ ಎಂದು ಹಿಟ್ಟನ್ನು ರಾತ್ರಿಯಿಡೀ ಬಿಟ್ಟರು. ಹಬ್ಬದ ಪಾಸ್ಕಾ ರೊಟ್ಟಿಗಳು ಉಬ್ಬಿ, ಹುಳಿಯಾಗಿ, ಒಲೆಯಲ್ಲೇ ಕುಸಿದು ಕೂತವು. ಪಾಸ್ಕಾ ಕುಸಿದರೆ ಆ ವರ್ಷ ಮನೆಯಲ್ಲೊಂದು ಸಾವು ಎಂದು ನಮ್ಮಲ್ಲಿ ನಂಬಿಕೆ.

ಹಬ್ಬ ಮುಗಿದದ್ದೇ ತಡ, ಹೆಂಗಸರು ಕಾರ್ಖಾನೆಗೆ ಮುತ್ತಿಗೆ ಹಾಕಿದರು.

“ನಮ್ಮತ್ತೆ ‘ಸಾಯೋದು ನಾನೇ’ ಅಂತ ಹಾಸಿಗೆ ಹಿಡಿದವ್ಳೆ! ಸಾಯೋದೂ ಇಲ್ಲ, ಎದ್ದು ಕೆಲಸ ಮಾಡೋದೂ ಇಲ್ಲ! ಏನ್ ಮಾಡ್ಲಿ ಹೇಳಿ!” ಎಂದು ಒಬ್ಬಳು ಯಜಮಾನನ ಮುಖಕ್ಕೇ ಕೈ ಆಡಿಸಿದಳು.

ಮಾರಾಟ ನಿಂತುಹೋಯಿತು. ಸುಗ್ಗಿಯ ಮದುವೆಗಳ ಹೊತ್ತಿಗೂ ಹೀಗೇ ಇದ್ದರೆ ಬಾಗಿಲು ಹಾಕಬೇಕು ಎಂದ ಯಜಮಾನ. ಅಲ್ಲಿ ಬಿಟ್ಟರೆ ನಮಗೆ ಇನ್ನೆಲ್ಲಿಯ ಕೂಳು?

ಆಮೇಲೊಂದು ಬೆಳಿಗ್ಗೆ ಅವನು ಕುಣಿದುಕೊಂಡು ಬಂದ. “ಹಾಪ್ಕಾ, ಕವಿತೆಗೆ ಅಪ್ಪಣೆ ಉಂಟು ಕಣೇ! ಸೆನ್ಸಾರಿನವರು ಓದಿ ಒಪ್ಪಿದ್ರೆ ಕಥೆ, ಕವಿತೆ ನಮ್ಮ ಮಾತಲ್ಲೇ ಅಚ್ಚು ಹಾಕಿಸಬಹುದು. ಅಡುಗೆ ಕ್ರಮಾನ ಪ್ರೇಮಗೀತೆ ಮಾಡಿಬಿಡ್ತೀನಿ!”

ಮಾಡಿಯೂ ಬಿಟ್ಟ:

ಬೆಚ್ಚನೆ ಹಾಲಲಿ ಕರಗಿಸು ನನ್ನನು, ನಲ್ಲೆ,
ನಾದಿ ನಾದಿ ಮುಚ್ಚಿಡು ಒಲೆಯ ಬಳಿಯಲ್ಲೆ,
ಕಾದಿರು ಒಂದು ಹೊದಿನಾ, ಎದ್ದೇಳುವೆನಲ್ಲೆ!

ಗಂಟೆಗೆ ನಮ್ಮವರ ಮಾತು ಹೊದಿನಾ, ಅದೇನೋ ಸರಿ. “ಉಪ್ಪೆಲ್ಲಿ?” ಎಂದೆ.

“ಪ್ರೇಮದಲ್ಲಿ ಉಪ್ಪೆಲ್ಲಿ ಬರುತ್ತೆ?”

“ಮದುವೆ ಆಗಿ ನೋಡಿ, ಬರುತ್ತೆ.”

ಕವಿತೆ ಕೀವ್ ಪಟ್ಟಣದ ಸೆನ್ಸಾರ್ ಕಚೇರಿಗೆ ಹೋಯಿತು. ಅಪ್ಪಣೆ ಬರಲಿಲ್ಲ. ಬಂದವನು ಪೊಲೀಸ್ ಕ್ಯಾಪ್ಟನ್ ದುಬೆಂಕೋವ್. ಅವನ ಅಪ್ಪ ನಮ್ಮವನೇ, ಬರೀ ದುಬೆಂಕೊ ಆಗಿದ್ದನಂತೆ, ಮಗ ಹೆಸರಿನ ಬಾಲಕ್ಕೊಂದು ‘ವ್’ ಅಂಟಿಸಿಕೊಂಡು ರಷ್ಯದವನಾಗಿದ್ದ. ಪ್ಯಾಕಿಂಗ್ ಕೋಣೆಯಲ್ಲಿ ಕುರ್ಚಿ ಎಳೆದು ಕೂತು, ನಮ್ಮೆಲ್ಲರ ಎದುರಿಗೇ ರಷ್ಯನ್ನಿನಲ್ಲಿ ವಿಚಾರಣೆ ಶುರು ಮಾಡಿದ.

“ಯಾರಯ್ಯಾ ಎದ್ದೇಳೋದು?”

“ಹಿಟ್ಟು, ಸ್ವಾಮಿ.” ಯಜಮಾನನ ದನಿ ಇಲಿಯದಾಗಿತ್ತು.

“ಯಾರ ವಿರುದ್ಧ?”

“ಮುಚ್ಚಳದ ವಿರುದ್ಧ” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಕ್ಯಾಪ್ಟನ್ ನನ್ನನ್ನು ಕೆಕ್ಕರಿಸಿ ನೋಡಿದ.

“ಇಲ್ಲಿ ‘ಗದೀನಾ’ ಅಂತ ಬರೆದಿದ್ದೀಯ. ಗದೀನಾ ಅಂದ್ರೆ ಕೇಡುಗಾಲ. ‘ಕೇಡುಗಾಲ ಕಳೀಲಿ, ಆಮೇಲೆ ಎದ್ದೇಳ್ತೀವಿ.’ ಇದು ರಾಜದ್ರೋಹ ಅಲ್ಲದೆ ಇನ್ನೇನು?”

ಕಾಗದದ ಮೇಲೆ ರಷ್ಯದವರ ಗದೀನಾಕ್ಕೂ ನಮ್ಮ ಹೊದಿನಾಕ್ಕೂ ಒಂದೇ ಅಕ್ಷರಗಳು, ಓದುವಾಗ ಮಾತ್ರ ಬೇರೆ, ಏನು ಮಾಡೋಣ! ಯಜಮಾನ ಬೆವರೊರೆಸಿಕೊಂಡ. “ಅದು ಹೊದಿನಾ, ಸ್ವಾಮಿ. ನಮ್ಮ ಭಾಷೇಲಿ ಒಂದು ಗಂಟೆ ಅಂತ ಅರ್ಥ.”

“ನಿಮ್ಮ ಭಾಷೆ! ಅಂಥದ್ದೊಂದು ಭಾಷೆ ಇರ್ಲಿಲ್ಲ, ಈಗ್ಲೂ ಇಲ್ಲ, ಇನ್ಮುಂದೆ ಇರೋಕೂ ಸಾಧ್ಯವಿಲ್ಲ. ಇದು ಹಳ್ಳಿ ಬಾಯಲ್ಲಿ ಕೆಟ್ಟುಹೋದ ರಷ್ಯನ್ನು, ಅಷ್ಟೇ. ರಷ್ಯನ್ ಅಂದ್ಮೇಲೆ ಇದು ಕೇಡುಗಾಲ. ಕೇಡುಗಾಲ ಅಂದ್ಮೇಲೆ ನಿನಗೆ ಸೈಬೀರಿಯ.” ಆಮೇಲೆ ದನಿ ಇಳಿಸಿದ. “ನೋಡು, ಗಂಟೆಗೆ ನಮ್ಮಲ್ಲಿ ಬೇರೆ ಪದವೇ ಇಲ್ಲ, ತಪ್ಪಾಯ್ತು ಅಂತ ಬರೆದುಕೊಡು. ಬಿಟ್ಟುಬಿಡ್ತೀನಿ.”

ಬರೆದುಕೊಡುತ್ತಾನೆ ಎಂದೇ ನಾನು ಅಂದುಕೊಂಡೆ. ಬರೆದುಕೊಡಲಿ ಎಂದು ದೇವರಿಗೆ ಮೊರೆಯಿಟ್ಟೆ ಕೂಡ. ಆ ಪುಕ್ಕಲನಿಲ್ಲದಿದ್ದರೆ ನಮ್ಮ ಗತಿಯೇನು? ಹಾರ್ಮಾಶ್ ಲೇಖನಿ ತೆಗೆದುಕೊಂಡ, ಶಾಯಿಗೆ ಅದ್ದಿದ, ಮತ್ತೆ ಕೆಳಗಿಟ್ಟ.

“ಅದು ಗಂಟೇನೇ, ಸ್ವಾಮಿ” ಎಂದ. ಅಯ್ಯೋ ದಡ್ಡ ಮುಂಡೇದೇ, ಇವತ್ತೇ ಧೈರ್ಯ ಬರಬೇಕಿತ್ತೇ ನಿನಗೆ ಎಂದು ಬೈದುಕೊಂಡೆ. ಬೈಯುತ್ತಲೇ ಕಣ್ಣು ತುಂಬಿಬಂತು.

“ಯೋಚನೆ ಮಾಡು, ನನಗೇನೂ ಅವಸರ ಇಲ್ಲ” ಎಂದು ಕ್ಯಾಪ್ಟನ್ ಕಾಲು ಚಾಚಿದ. ಬೆಳಗಿನಿಂದ ಗಾಡಿಯಲ್ಲಿ ಕುಲುಕಿಕೊಂಡು ಬಂದಿದ್ದವನು. ಮೇಲಿಂದ ಕೋಣೆಯ ಸೆಕೆ, ತೊಟ್ಟಿಗಳ ಸಿಹಿ ಅಮಲು. ಹೊಸಬರಿಗೆ ಅದು ತಲೆಗೇರುತ್ತದೆ. ಅವನ ರೆಪ್ಪೆಗಳು ಜೋತವು, ಗದ್ದ ಎದೆಗೆ ಬಿತ್ತು, ಗೊರಕೆಯೂ ಬಂತು. ಯಜಮಾನ ಕೂತಲ್ಲೇ ಬಿಳಿಚಿಕೊಂಡಿದ್ದ. ಓಡಿಹೋಗಿ ಎಂದು ಸನ್ನೆ ಮಾಡಿದೆ. ಒಲ್ಲೆನೆಂದು ತಲೆಯಾಡಿಸಿದ.

ಹೊರಗೆ ಯಾರೋ ಕೊಳಗ ಬೀಳಿಸಿದರು. ಕ್ಯಾಪ್ಟನ್ ಬೆಚ್ಚಿಬಿದ್ದು ಕಣ್ಣುಬಿಟ್ಟ. ಗೋಡೆಯ ಗಡಿಯಾರ ಅವನ ಬೆನ್ನ ಹಿಂದಿತ್ತು, ಎದುರಿಗೆ ನಾನಿದ್ದೆ.

“ಹೊದಿನಾ ಎಷ್ಟಾಯ್ತು, ಚಿಕ್ಕಮ್ಮಾ?” ಎಂದು ಕೇಳಿದ.

ನಾನು ಅವನ ತಲೆಯ ಮೇಲಿನ ಗಡಿಯಾರ ನೋಡಿದೆ.

“ಮೂರಾಯ್ತು, ಮಗಾ” ಎಂದೆ.

ತಾನು ಕೇಳಿದ್ದೇನೆಂದು ಆಗ ಅವನಿಗೆ ಹೊಳೆಯಿತು. ಕಿವಿಯವರೆಗೂ ಕೆಂಪಾದ. ನಮ್ಮಲ್ಲಿ ಯಾರಾದರೂ ನಕ್ಕಿದ್ದರೆ ಎಲ್ಲ ಕೆಟ್ಟುಹೋಗುತ್ತಿತ್ತು. ಪುಣ್ಯಕ್ಕೆ ಯಾರೂ ನಗಲಿಲ್ಲ. ಕ್ಯಾಪ್ಟನ್ ಲೇಖನಿ ಎಳೆದುಕೊಂಡು ಕವಿತೆಯ ಅಂಚಿನಲ್ಲಿ ಏನೋ ಗೀಚಿದ. ಯಜಮಾನ ಬಗ್ಗಿ ಗಟ್ಟಿಯಾಗಿ ಓದಿದ: “ಹೊದಿನಾ ಎಂದರೆ ಒಂದು ಗಂಟೆ. ಆಕ್ಷೇಪಣೆ ಇಲ್ಲ.”

ಅಷ್ಟಕ್ಕೆ ಸುಮ್ಮನಿದ್ದರೆ ನಾನು ಹಾಪ್ಕಾ ಹೇಗಾದೇನು? “ಯಾವ ಭಾಷೇಲಿ ಅಂತಾನೂ ಬರೆದುಬಿಡಿ ಸಾಮಿ, ಕೈ ಹೆಂಗೂ ಆಡ್ತಾ ಐತೆ” ಎಂದೆ.

ಅವನು ಟೋಪಿ ಹಾಕಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ನಿಂತ.

“ಅಷ್ಟು ಬರೆದ್ರೆ ಸೈಬೀರಿಯಾಕ್ಕೆ ನಾನೂ ಬರ್ಬೇಕಾಗುತ್ತೆ, ಚಿಕ್ಕಮ್ಮಾ.”

ಅದನ್ನು ಅವನು ನಮ್ಮ ಮಾತಿನಲ್ಲೇ ಹೇಳಿದ.