ಬುಟ್ಟಿಯಲ್ಲಿಟ್ಟ ಬೀಗದ ನಂಬರುಗಳು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬೀಗದ ಕಂಪನಿಯ ಮೇಲ್ ಸರ್ವರ್ ಹೊಟ್ಟೆ ಬಿರಿಯುವಷ್ಟು ತಿಂದು ಕೂತಿತ್ತು ಎಂದು ಬರೆದೆ, ಹೊಡೆದುಹಾಕಿದೆ. ಸರ್ವರ್‌ಗೆ ಹೊಟ್ಟೆ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಅದನ್ನು ನೋಡಿಕೊಳ್ಳುವವನು ಕೇಳಿಬಿಟ್ಟ. ಅವನ ಅಡ್ಡಹೆಸರು ರೀಸ್ಟಾರ್ಟ್. ಯಾರು ಏನೇ ತೊಂದರೆ ಹೇಳಿಕೊಂಡರೂ ಅವನ ಬಾಯಿಂದ ಮೊದಲು ಬರುವುದು ಅದೊಂದೇ ಮಾತು. (ಹೆಂಡತಿ ತಲೆನೋವು ಅಂದಾಗಲೂ ಅದೇ ಬಂತಂತೆ. ಆ ಪ್ರಸಂಗ ಮಾತ್ರ ಬರೆಯಬೇಡಿ ಎಂದು ಕೈಮುಗಿದಿದ್ದಾನೆ.)

೨

ಸರಿ, ನೆಟ್ಟಗೆ ಹೇಳುತ್ತೇನೆ. ಹದಿಮೂರು ವರ್ಷದ ಮೇಲ್‌ಗಳೆಲ್ಲ ಒಂದೇ ಡೇಟಾಬೇಸಿನಲ್ಲಿದ್ದವು. ಡಿಸ್ಕಿನಲ್ಲಿ ಉಳಿದಿದ್ದ ಜಾಗ ಮಧ್ಯಾಹ್ನದವರೆಗೆ ಸಾಕಾದರೆ ಹೆಚ್ಚು. ಆಮೇಲೆ ಇಡೀ ಕಂಪನಿಯ ಮೇಲ್ ನಿಂತುಹೋಗುತ್ತದೆ. ರೀಸ್ಟಾರ್ಟ್ ಆರನೇ ಸಲ ಹೊಸ ಡಿಸ್ಕ್ ಕೇಳಿದ.

"ಡಿಸ್ಕ್ ಯಾಕ್ರೀ? ಎಲ್ಲರ ಡಿಲೀಟೆಡ್ ಫೋಲ್ಡರ್ ಖಾಲಿ ಮಾಡಿ. ಕಸ ತಾನೇ?" ಎಂದರು ಸಾಹೇಬರು.

ರೀಸ್ಟಾರ್ಟ್ ಒಂದೇ ಏಟಿಗೆ ಇನ್ನೂರು ಜನರ ಬುಟ್ಟಿ ಖಾಲಿ ಮಾಡಿದ.

೩

(ಇಲ್ಲೊಂದು ಪ್ಯಾರಾ ಇತ್ತು. ಕಥೆ ಉದ್ದವಾಯಿತೆಂದು ಅಳಿಸಿದೆ. ನಂಬರು ಮಾತ್ರ ಹಾಗೇ ಉಳಿಯಿತು ನೋಡಿ. ಡೇಟಾಬೇಸಿನ ಬುದ್ಧಿಯೂ ಇಂಥದೇ. ಅಳಿಸಿದ ಮೇಲ್ ಎರಡು ವಾರ ಒಳಗೇ ಅಡಗಿ ಕೂತಿರುತ್ತದೆ, ಫೈಲು ಒಂದಿಂಚೂ ಸಣ್ಣಗಾಗುವುದಿಲ್ಲ. ನಿಜವಾಗಿ ಜಾಗ ಬೇಕಾದರೆ ಅಡಗಿದ್ದನ್ನು ತೊಳೆಯಬೇಕು. ತೊಳೆದದ್ದು ಮತ್ತೆ ಸಿಗುವುದಿಲ್ಲ.)

೪

ಎಲ್ಲವನ್ನೂ ಒಟ್ಟಿಗೆ ತೊಳೆಯುವ ಆಜ್ಞೆಯನ್ನು ಟೈಪ್ ಮಾಡಿ, ರೀಸ್ಟಾರ್ಟ್ ಇನ್ನೇನು ಎಂಟರ್ ಒತ್ತಬೇಕು, ಬೀಗದಕ್ಕ ಬಂದರು. ಗಿರಾಕಿಗಳು ಕೀಲಿ ಕಳೆದುಕೊಂಡರೆ ಹಳೆಯ ಮೇಲ್ ಹುಡುಕಿ, ನಂಬರು ಕೊಟ್ಟು, ಹೊಸ ಕೀಲಿ ಮಾಡಿಸುವವರು ಇವರು. ಕೈಯಲ್ಲಿ ಫೋನು. ಆ ಕಡೆ ಔಷಧಿ ಅಂಗಡಿಯ ಹೆಂಗಸೊಬ್ಬಳು ತನ್ನದೇ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು.

"ತಮ್ಮಾ, ನನ್ನ ಬುಟ್ಟಿ ಎಲ್ಲಪ್ಪ?"

"ಯಾವ ಬುಟ್ಟಿ ಅಕ್ಕಾ?"

"ಡಿಲೀಟೆಡ್ದು. ಕೀ ನಂಬರೆಲ್ಲ ಅದ್ರಲ್ಲೇ ಇಟ್ಟಿದ್ದೆ. ನಲವತ್ತು ಸಾವಿರ."

"ಕಸದ ಬುಟ್ಟೀಲಾ?"

"ಮತ್ತೆ? ಒಂದು ಬಟನ್ ಒತ್ತಿದ್ರೆ ತಾನೇ ಹೋಗಿ ಕೂತ್ಕೊಳ್ಳುತ್ತೆ. ಕೆಲ್ಸ ಮುಗೀತಾ, ಬುಟ್ಟಿಗೆ. ಕಸಕ್ಕೆ ಯಾರಾದ್ರೂ ಕೈ ಹಾಕ್ತಾರಾ? ಇನ್‌ಬಾಕ್ಸ್ ಖಾಲಿ ಇಟ್ಕೊಳ್ಳಿ ಅಕ್ಕಾ ಅಂತ ನೀನೇ ಅಂದಿದ್ದೆ."

ಅಂದಿದ್ದ. ಕೆಲಸಕ್ಕೆ ಸೇರಿದ ಮೊದಲ ವಾರ, ಭಾರೀ ಗತ್ತಿನಲ್ಲಿ. ರೀಸ್ಟಾರ್ಟ್‌ಗೆ ಅಳು ಬಂದಂತಾಯಿತು.

೫

ಅವನು ಸೀದಾ ನನ್ನ ಕಡೆ ತಿರುಗಿದ.

"ಎರಡನೇ ಪ್ಯಾರಾದಲ್ಲಿ ನನ್ನ ಕೈಲಿ ಖಾಲಿ ಮಾಡಿಸಿದ್ದು ನೀವು. ಆಗ್ಲೇ ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?"

"ಹೇಳಿದ್ದರೆ ಕಥೆ ಎಲ್ಲಿರುತ್ತಿತ್ತು?" ಎಂದೆ. ಎಂದ ಮೇಲೆ ನನಗೇ ನಾಚಿಕೆಯಾಯಿತು.

"ಹೋಗ್ಲಿ, ಒಂದು ಡಿಸ್ಕ್ ಬರೆದ್ಕೊಡಿ."

"ಸಾಹೇಬರ ಸಹಿ ನನಗೂ ಸಿಗುವುದಿಲ್ಲಪ್ಪ."

೬

ಎರಡು ಮುಕ್ತಾಯ ತೋರಿಸಿದೆ.

ಒಂದು: ಅವನು ತೊಳೆದುಬಿಡುತ್ತಾನೆ. ಮೇಲ್ ಬದುಕುತ್ತದೆ, ನಲವತ್ತು ಸಾವಿರ ಬೀಗ ಅನಾಥವಾಗುತ್ತವೆ.

ಇನ್ನೊಂದು: ಅಕ್ಕನ ಮೇಲ್‌ಗಳನ್ನು ಹೊರತೆಗೆಯಲು ಕೂರುತ್ತಾನೆ. ಅಷ್ಟರಲ್ಲಿ ಡಿಸ್ಕ್ ತುಂಬಿ ಸರ್ವರ್ ಮಲಗುತ್ತದೆ, ಇವನು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾನೆ.

(ಸರ್ವರ್ ಮುನಿಸಿಕೊಂಡು ಕಾಡಿಗೆ ಹೋಗುವ ಮೂರನೆಯದೂ ಇತ್ತು. ಆಧುನಿಕೋತ್ತರ ಅಂತ ಖುಷಿಯಾಗಿದ್ದೆ.)

"ಎಲ್ಲಾ ನಿಮ್ಮ ಸೋಮಾರಿತನ," ಎಂದ ರೀಸ್ಟಾರ್ಟ್. "ಅಳಿಸಿದ್ದು ಒಳಗೇ ಇರುತ್ತೆ ಅಂದ್ರಲ್ಲ? ಆ ಮೂರನೇ ಪ್ಯಾರಾ ಹೊರಗೆ ತೆಗೀರಿ."

೩ (ಮರಳಿ ಬಂದದ್ದು)

ಸಾಹೇಬರು ಪ್ರತಿ ಸೋಮವಾರ ಇಪ್ಪತ್ತು ನಿಮಿಷ ಭಾಷಣ ಮಾಡಿ, ಅದರ ವಿಡಿಯೋವನ್ನು ಇನ್ನೂರು ಜನರಿಗೂ ಮೇಲ್‌ನಲ್ಲಿ ಕಳಿಸುತ್ತಿದ್ದರು. ಡೇಟಾಬೇಸ್ ಊದಿಕೊಂಡದ್ದಕ್ಕೆ ಮುಖ್ಯ ಕಾರಣ ಅದೇ. ಯಾರೂ ನೋಡಿರಲಿಲ್ಲ, ಅಳಿಸುವ ಧೈರ್ಯವೂ ಯಾರಿಗೂ ಇರಲಿಲ್ಲ.

೭

ರೀಸ್ಟಾರ್ಟ್‌ಗೂ ಧೈರ್ಯವಿರಲಿಲ್ಲ. ಆದರೂ ಸಾಹೇಬರನ್ನು ಕೇಳದೆ, ನನ್ನನ್ನೂ ಕೇಳದೆ, ಹಳೆಯ ಭಾಷಣಗಳನ್ನು ಒಂದೊಂದಾಗಿ ಹುಡುಕಿ ತೊಳೆಯತೊಡಗಿದ. ಪಕ್ಕದ ಪರದೆಯಲ್ಲಿ ಅಕ್ಕನ ನಂಬರುಗಳು ಹೊರಬರತೊಡಗಿದವು. ನೂರಕ್ಕೆ ಮೂವತ್ತು. ನಲವತ್ತೆಂಟು. ಅರವತ್ತೊಂದು. ಡಿಸ್ಕ್ ಎಷ್ಟು ತುಂಬಿದೆಯೆಂದು ತೋರಿಸುವ ಕೆಂಪು ಪಟ್ಟಿ ಒಮ್ಮೆ ಇಳಿದಂತೆ ಮಾಡಿ ಮತ್ತೆ ಏರಿತು. ಹೊರಗೆ ಸಾಹೇಬರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು.

ನನಗೆ ಅವನ ಮೇಲೆ ಪ್ರೀತಿ ಉಕ್ಕಿತು. ಗೆಲ್ಲಿಸಿಬಿಡೋಣ ಎಂದು ಕೀಬೋರ್ಡಿಗೆ ಬೆರಳಿಟ್ಟೆ.

"ಕಥೆ ಮುಗಿಸಿಬಿಡಲಾ ಅಕ್ಕಾ?" ಎಂದೆ.

"ಬೇಡಪ್ಪ," ಎಂದರು ಬೀಗದಕ್ಕ. "ಮುಗಿದಿದ್ದನ್ನೆಲ್ಲ ನಾನು ಬುಟ್ಟಿಗೆ ಹಾಕ್ಬಿಡ್ತೀನಿ."

ಮತ್ತೆ ಫೋನನ್ನು ಕಿವಿಗೆ ಹಿಡಿದರು. "ಅಮ್ಮಾ, ಬಾಗಿಲ ಹತ್ರಾನೇ ಇದ್ದೀರಲ್ಲ?"